ಮಡಿ ಗಳ

ನನಗೆ ವಾಸನೆ ಗೊತ್ತಾಗುವುದಿಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಹೋದದ್ದು ಮತ್ತೆ ಬರಲಿಲ್ಲ. ಡಾಕ್ಟರು ಮೊದಲು ಆರು ತಿಂಗಳು ಅಂದರು, ಆಮೇಲೆ ಒಂದು ವರ್ಷ ಅಂದರು, ಆಮೇಲೆ ಏನೂ ಅನ್ನಲಿಲ್ಲ. ಮಲ್ಲಿಗೆ ದಂಡೆಯೂ ಒಂದೇ, ಮೀನಿನ ಗಾಡಿಯೂ ಒಂದೇ. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಅಪ್ಪ ಅಮ್ಮನ ಜೊತೆ ಇರುವವರೆಗೆ ಅದು ದೊಡ್ಡ ವಿಷಯವಾಗಿರಲಿಲ್ಲ. ಹಾಲು ಕೆಟ್ಟಿದೆಯಾ ಅಂತ ಅಮ್ಮನನ್ನು ಕೇಳುತ್ತಿದ್ದೆ, ಅಷ್ಟೆ. ಮದುವೆಯಾಗಿ ಮೈಲಾಪೂರಿಗೆ ಬಂದ ಮೇಲೆ ಅದು ವಿಷಯವಾಯಿತು.

ಗಂಡ ಸುಶಮೀಂದ್ರ ಅಡ್ಯಾರಿನ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಮನೆಯಲ್ಲಿ ನಾವಿಬ್ಬರು ಮತ್ತು ಅವನ ತಾಯಿ ಜಾನಕಮ್ಮ. ಮಾವ ತೀರಿಕೊಂಡು ಹನ್ನೊಂದು ವರ್ಷ. ಅತ್ತೆಗೆ ಎಪ್ಪತ್ತೊಂದು. ದಿನಾ ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ದೇವರ ಅಡುಗೆ ಮಾಡುತ್ತಾರೆ. ಗಂಡ ಅವರಿಗಿಂತ ಮೊದಲೇ ಎದ್ದು ಸ್ನಾನ ಮಾಡಿ, ಎಂಟರೊಳಗೆ ಪೂಜೆ ಮುಗಿಸಿ ನೈವೇದ್ಯ ಮಾಡುತ್ತಾನೆ. ಆಮೇಲೆ ನಮಗೆ.

ದೇವರ ಅಡುಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲ. ಉಪ್ಪು ಬಿತ್ತಾ, ಬೇಳೆ ತಳ ಹಿಡಿಯಿತಾ, ತುಪ್ಪ ಕಾಯ್ದದ್ದು ಸಾಕಾ, ಎಲ್ಲ ಮೂಗಿನಿಂದಲೇ ತಿಳಿಯಬೇಕು. ಮದುವೆಯಾದ ಎರಡನೇ ವಾರ ನಾನು ಮಡಿಯುಟ್ಟು ಮಾಡಿದ ಸಾರು ಸೀದಿತ್ತು. ನನಗೆ ತಿಳಿಯಲಿಲ್ಲ. ನೈವೇದ್ಯ ಆಗಿಹೋಯಿತು. ಊಟಕ್ಕೆ ಕೂತಾಗ ಗಂಡ ಎರಡನೇ ತುತ್ತಿಗೆ ಕೈ ನಿಲ್ಲಿಸಿ ತಾಯಿಯ ಮುಖ ನೋಡಿದ. ಅತ್ತೆ ಬೈಯಲಿಲ್ಲ. ಮೂಗಿಲ್ಲದವಳು ದೇವರ ಒಲೆ ಮುಂದೆ ನಿಲ್ಲುವುದು ಬೇಡ ಅಂದರು, ಅಷ್ಟೆ. ಮನೆ ಅಂದ ಮೇಲೆ ಕೆಲಸ ಹಂಚಿಕೊಳ್ಳಬೇಕು. ನನ್ನ ಪಾಲಿಗೆ ಬಚ್ಚಲು, ಕಕ್ಕಸು ಬಂದವು. ವಾಸನೆ ಬರದವರಿಗೆ ಅದೇ ಸುಲಭ ಅಂತ ಗಂಡ ತಮಾಷೆ ಮಾಡಿದ. ನಾನೂ ನಕ್ಕೆ.

ನಮ್ಮದು ಹಳೇ ಫ್ಲಾಟು, ಎರಡನೇ ಮಹಡಿ. ಕಕ್ಕಸು ಬೇರೆ, ಬಚ್ಚಲು ಬೇರೆ. ಬಚ್ಚಲಲ್ಲಿ ಒಂದು ಗೀಸರು, ಎರಡು ಬಕೆಟ್ಟು, ಗೋಡೆಯ ಮೇಲ್ಭಾಗದಲ್ಲಿ ಪುಸ್ತಕದಷ್ಟಗಲದ ಕಿಟಕಿ. ತಲೆಯ ಮೇಲೆ, ಚಾವಣಿಯ ಎರಡು ಕೊಂಡಿಗಳಿಗೆ ಹಗ್ಗ ಕಟ್ಟಿ ತೂಗುಬಿಟ್ಟ ಬಿದಿರು ಗಳ. ಅದು ಮಡಿ ಗಳ. ಮೊದಲು ಬಾಲ್ಕನಿಯಲ್ಲಿತ್ತಂತೆ. ಪಾರಿವಾಳದ ಕಾಟ ಶುರುವಾಯಿತು, ಆಮೇಲೆ ಬೀದಿ ಅಗೆದು ಧೂಳು ತುಂಬಿತು, ಒಳಗೆ ತಂದರು. ಅತ್ತೆ ತಮ್ಮ ಮಡಿ ಸೀರೆಯನ್ನು ತಾವೇ ನೀರಲ್ಲಿ ಜಾಲಿಸಿ, ತಾವೇ ಹಿಂಡಿ, ಕೋಲಿನಿಂದ ಎತ್ತಿ ಅದರ ಮೇಲೆ ಹರವುತ್ತಾರೆ. ಮರುದಿನ ಸ್ನಾನ ಮಾಡಿ ಒದ್ದೆಯಲ್ಲೇ ನಿಂತು ಅದೇ ಕೋಲಿನಿಂದ ಇಳಿಸಿಕೊಳ್ಳುತ್ತಾರೆ. ಸೋಪು ಮುಟ್ಟಿಸುವಂತಿಲ್ಲ. ಇನ್ನೊಬ್ಬರ ಕೈ ತಾಗುವಂತಿಲ್ಲ. ತಾಗಿದರೆ ಮೈಲಿಗೆ, ಮತ್ತೆ ಒಗೆಯಬೇಕು. ನಮ್ಮ ಮನೆಯಲ್ಲಿ ಆ ಸೀರೆಗಿಂತ ಶುದ್ಧವಾದ ವಸ್ತು ಇನ್ನೊಂದಿಲ್ಲ.

ಮಾರ್ಚಿ ಕೊನೆಯಲ್ಲಿ ಒಂದು ಬೆಳಿಗ್ಗೆ ಗಂಡ ಸ್ನಾನ ಮುಗಿಸಿ ಬಂದು, ಬಚ್ಚಲು ನಾರುತ್ತಿದೆ, ತೊಳೆದು ಎಷ್ಟು ದಿನವಾಯಿತು ಅಂತ ಕೇಳಿದ. ಹಿಂದಿನ ದಿನವಷ್ಟೇ ತೊಳೆದಿದ್ದೆ. ಮತ್ತೆ ತೊಳೆದೆ. ಎರಡು ದಿನ ಬಿಟ್ಟು ಮತ್ತೆ ಅದೇ ಮಾತು. ಫಿನಾಯಿಲ್ ಬದಲಾಯಿಸಿದೆ. ಟೈಲ್ಸಿನ ಸಂದುಗಳನ್ನು ಹಳೇ ಹಲ್ಲುಬ್ರಷ್ಷಿನಿಂದ ಉಜ್ಜಿದೆ. ನೀರು ಹೋಗುವ ಜಾಲರಿ ಎತ್ತಿ, ಒಳಗಿನ ಕೂದಲು, ಸೋಪಿನ ಲೋಳೆ ಬಾಚಿ ತೆಗೆದೆ. ಸೋಡಾಪುಡಿ ಹಾಕಿ ಕುದಿಯುವ ನೀರು ಸುರಿದೆ. ಬಕೆಟ್ಟು, ಚೊಂಬು, ಕಾಲುಮಣೆಯನ್ನೆಲ್ಲ ತಾರಸಿಗೆ ಹೊತ್ತು ಬಿಸಿಲಿಗಿಟ್ಟೆ. ಮೂಲೆಯಲ್ಲಿ ನುಸಿಗುಳಿಗೆ, ಕಿಟಕಿಯಲ್ಲಿ ಕರ್ಪೂರ, ಬಾಗಿಲ ಹಿಂದೆ ನಿಂಬೆ ವಾಸನೆಯದು ಅಂತ ಬರೆದ ಒಂದು ಡಬ್ಬಿ. ಪ್ಲಂಬರ್ ಬಂದು ನೆಲದ ಪೈಪನ್ನೇ ಬದಲಾಯಿಸಿ ಹೋದ.

ಇವುಗಳಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅಂತ ತಿಳಿಯುವುದಕ್ಕೆ ನನಗೆ ದಾರಿಯಿರಲಿಲ್ಲ. ಗಂಡನ ಮೂಗೇ ಮೀಟರು. ದಿನಾ ಅವನನ್ನು ಬಚ್ಚಲ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದೆ. ಒಮ್ಮೆ ಉಸಿರೆಳೆದು, "ನೇತ್ತುಕ್ಕು ಪರವಾಯಿಲ್ಲೆ" ಅನ್ನುತ್ತಿದ್ದ. ನಿನ್ನೆಗಿಂತ ವಾಸಿ. ಇನ್ನೊಂದು ದಿನ ಬರೀ ಮುಖ ತಿರುಗಿಸುತ್ತಿದ್ದ. ಪರೀಕ್ಷೆ ಬರೆದವಳು ನಾನು, ಉತ್ತರಪತ್ರಿಕೆ ಓದಲು ಬರದವಳೂ ನಾನೇ.

ಒಂದು ದಿನ ಆಸಿಡ್ ಹಾಕಿದ ನೆಲದ ಮೇಲೇ ಬ್ಲೀಚಿಂಗ್ ಪೌಡರ್ ಸುರಿದೆ. ಮೂಗಿದ್ದವರು ಆ ಕ್ಷಣವೇ ಹೊರಗೆ ಓಡುತ್ತಿದ್ದರು. ನನಗೆ ಕಣ್ಣು ಉರಿದು, ಕೆಮ್ಮು ಕಟ್ಟಿಕೊಂಡು, ಗೋಡೆ ಹಿಡಿದು ಬರುವ ಹೊತ್ತಿಗೆ ಉಸಿರೇ ನಿಂತಂತಾಗಿತ್ತು. ಅತ್ತೆ ಹಿತ್ತಾಳೆ ಲೋಟದಲ್ಲಿ ನೀರು ತಂದು ಕೊಟ್ಟು ಬೆನ್ನು ತಿಕ್ಕಿದರು. "ಅವಳಿಗೆಲ್ಲಿ ಗೊತ್ತಾಗತ್ತೋ, ಪಾಪ" ಅಂತ ಮಗನಿಗೆ ಹೇಳಿದರು. ಬಚ್ಚಲು ನಾರುತ್ತಿದೆ ಅಂತ ಮಾತು ಬಂದಾಗಲೆಲ್ಲ ಅವರು ಹೇಳುತ್ತಿದ್ದದ್ದು ಅದೊಂದೇ. ನನ್ನ ಪರವಾಗಿ ಮಾತಾಡುತ್ತಿದ್ದಾರೆ ಅಂದುಕೊಂಡಿದ್ದೆ.

ಜೂನ್ ಕೊನೆಯಲ್ಲಿ ಪುರೋಹಿತರಾದ ಹರಿದಾಸಾಚಾರ್ರು ಮನೆಗೆ ಬಂದರು. ಮುಂದಿನ ತಿಂಗಳು ಮಾವನ ತಿಥಿ, ಅದರ ಮಾತುಕತೆಗೆ. ಕಾಲು ತೊಳೆಯಲು ಬಚ್ಚಲಿಗೆ ಹೋದವರು ಪಂಚೆಯ ತುದಿ ಮೂಗಿಗೆ ಹಿಡಿದುಕೊಂಡು ಬಂದರು.

"ಏನಪ್ಪಾ ಸುಶಮೀಂದ್ರ, ಒಳಗೆ ಇಲಿ ಗಿಲಿ ಸತ್ತಿದೆಯಾ ನೋಡು. ಬ್ರಾಹ್ಮಣರು ಸ್ನಾನಕ್ಕೆ ಹೋಗೋ ಜಾಗ."

ಅವರು ನಕ್ಕೇ ಹೇಳಿದ್ದು. ಗಂಡನ ಕಿವಿ ಕೆಂಪಾಯಿತು. ಅವರು ಹೋದ ಮೇಲೆ, ಈ ಸಲ ತಿಥಿಯನ್ನು ಮಠದಲ್ಲೇ ಮಾಡಿಬಿಡೋಣ ಅಂದ. ಅಲ್ಲಿ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಅಡುಗೆ, ಮಡಿ, ಬ್ರಾಹ್ಮಣರು, ಎಲ್ಲ. ನಾವು ಹೋಗಿ ಕೂತರೆ ಆಯಿತು. ಅಮ್ಮನಿಗೂ ವಯಸ್ಸಾಯಿತು.

ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ಕೈ ನಿಂತಿತು. ಹನ್ನೊಂದು ವರ್ಷ ಅವರು ಗಂಡನ ತಿಥಿಗೆ ತಮ್ಮ ಕೈಯಾರೆ ಅಡುಗೆ ಮಾಡಿದ್ದಾರೆ. ಮಾವನಿಗೆ ಎಂಥ ವಡೆ ಆಗಬೇಕು, ಪಾಯಸ ಎಷ್ಟು ಗಟ್ಟಿ ಇರಬೇಕು ಅನ್ನುವುದು ಇಡೀ ಮದರಾಸಿನಲ್ಲಿ ಅವರೊಬ್ಬರಿಗೇ ಗೊತ್ತು. ಬೇರೆಯವರು ಬೇಯಿಸಿದ್ದನ್ನು ಆ ಮನುಷ್ಯ ಮುಟ್ಟುವುದಿಲ್ಲ ಅಂತ ಅವರ ನಂಬಿಕೆ. ನಾನು ಇದನ್ನು ಹಾಸ್ಯವಾಗಿ ಹೇಳುತ್ತಿಲ್ಲ. ವರ್ಷದಲ್ಲಿ ಆ ಒಂದು ದಿನಕ್ಕಾಗಿಯೇ ಅವರು ಉಳಿದ ದಿನಗಳಲ್ಲಿ ಐದಕ್ಕೆ ಏಳುತ್ತಾರೆ ಅಂತ ನನಗೆ ಅನ್ನಿಸಿದ್ದುಂಟು.

ಕೊನೆಗೆ ಗಂಡ ಒಂದು ಕರಾರಿಗೆ ಬಂದ. ತಿಥಿಯೊಳಗೆ ಬಚ್ಚಲು ಸರಿಯಾದರೆ ಮನೆಯಲ್ಲಿ. ಇಲ್ಲದಿದ್ದರೆ ಮಠ, ಮುಂದೆಯೂ ಅಲ್ಲೇ. ಅವನು ಇದನ್ನು ಹೇಳಿದ್ದು ತಾಯಿಗೆ, ನೋಡಿದ್ದು ನನ್ನನ್ನು.

ತಿಥಿಗೆ ಹತ್ತು ದಿನ ಇದ್ದಾಗ ಒಂದು ಬೆಳಿಗ್ಗೆ ನಾನು ಹೆಚ್ಚಿದ ಸೌತೆಕಾಯಿಯ ತಟ್ಟೆಯನ್ನು ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟು ಹಿಂದೆ ಸರಿದೆ. ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದ ಅತ್ತೆ ತಟ್ಟೆ ತೆಗೆದುಕೊಳ್ಳಲು ಎದ್ದರು. ಮಣೆಯ ಮೇಲೆ ಅಂಗೈ ಅಗಲದ ಒದ್ದೆ. ಅವರ ಸೀರೆಯ ಹಿಂದೆಯೂ ಒದ್ದೆ. ನಾನು ನೋಡಿದ್ದನ್ನು ಅವರು ನೋಡಿದರು. ಚೊಂಬು ತೆಗೆದುಕೊಂಡು ಮಣೆಯ ಮೇಲೆ ನೀರು ಸುರಿದು, ಚೆಲ್ಲಿಹೋಯಿತು ಅಂದರು. ನಂಬಿದೆ. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಅವತ್ತು ಚೊಂಬು ಒಲೆಯ ಕಟ್ಟೆಯ ಮೇಲಿತ್ತು, ದೂರದಲ್ಲಿ.

ಆ ದಿನ ಅವರು ಅಡುಗೆ ಮುಗಿಸಿ, ಹತ್ತು ಗಂಟೆಗೆ ಮತ್ತೊಮ್ಮೆ ಸ್ನಾನ ಮಾಡಿ, ಸೀರೆ ಜಾಲಿಸಿ ಗಳಕ್ಕೆ ಹಾಕಿ ಬಂದರು. ಬಚ್ಚಲು ತೊಳೆಯಲು ಹೋದ ನಾನು ನಾಲ್ಕು ತಿಂಗಳಲ್ಲಿ ಮೊದಲ ಸಲ ತಲೆ ಎತ್ತಿ ನೋಡಿದೆ. ಕಿಟಕಿಯ ಬೆಳಕು ಸೀರೆಯ ಮೇಲೆ ಬಿದ್ದಿತ್ತು. ಹಳದಿ ಅಂಚಿನ ಕಲೆಗಳು, ಒಂದರ ಮೇಲೆ ಒಂದು, ಭೂಪಟದ ಹಾಗೆ. ಸೋಪಿಲ್ಲ, ಬಿಸಿಲಿಲ್ಲ, ಹಿಂಡುವುದಕ್ಕೆ ಆ ಕೈಗಳಲ್ಲಿ ಶಕ್ತಿಯೂ ಇಲ್ಲ. ನಾನು ನೆಲ ಉಜ್ಜುತ್ತಿದ್ದೆ.

ನನಗೆ ಮೊದಲು ಬಂದದ್ದು ಮರುಕವಲ್ಲ. ನಾನಲ್ಲ, ನನ್ನ ಕೈಯಲ್ಲ ಅನ್ನುವ ಸಮಾಧಾನ. ಎಷ್ಟೋ ಹೊತ್ತು ಪೊರಕೆ ಹಿಡಿದು ಅದನ್ನೇ ಅನುಭವಿಸುತ್ತ ನಿಂತಿದ್ದೆ.

ಭಾನುವಾರ ಗಂಡನೂ ನಾನೂ ತಿಥಿಗೆ ಬೇಕಾದ ಎಳ್ಳು, ದರ್ಭೆ, ಬಾಳೆಲೆ ತರಲು ಹೊರಟೆವು. ಗುಡಿಯ ಸುತ್ತಿನ ಮಾಡ ಬೀದಿಯಲ್ಲಿ ಸ್ಕೂಟರು ನಿಲ್ಲಿಸಿ ಕಾಫಿ ಕುಡಿಯುವಾಗ ಹೇಳಿದೆ. ಅತ್ತೆಗೆ ಮೂತ್ರ ತಡೆಯಲು ಆಗುತ್ತಿಲ್ಲ ಅಂತ ಕಾಣುತ್ತದೆ, ಡಾಕ್ಟರಿಗೆ ತೋರಿಸಿ, ವಾಸನೆ ಬಚ್ಚಲಿನದಲ್ಲ, ಸೀರೆಯದು. ಅವನು ಲೋಟ ಕೆಳಗಿಟ್ಟ.

"ನಿನಗೆ ವಾಸನೆ ಬರತ್ತಾ?"

"ಇಲ್ಲ."

"ಮತ್ತೆ?"

"ಕಲೆ ನೋಡಿದೆ."

"ಅಡುಗೆ ಮಾಡೋ ಸೀರೆ. ಎಣ್ಣೆ ಇರತ್ತೆ, ಅರಿಶಿನ ಇರತ್ತೆ." ಲೋಟ ಮತ್ತೆ ಕೈಗೆತ್ತಿಕೊಂಡು, "ನಿನ್ನ ಕೈಲಿ ಆಗಲ್ಲಾಂದ್ರೆ ಆಗಲ್ಲ ಅನ್ನು ಮಾನ್ಯಾ. ಅಮ್ಮನ ಮೇಲೆ ಹಾಕಬೇಡ" ಅಂದ.

ಅವನು ಕೆಟ್ಟವನಲ್ಲ. ಹುಟ್ಟಿದಾಗಿನಿಂದ ಆ ಗಳದ ಕೆಳಗೆ ತಲೆ ಬಗ್ಗಿಸಿಕೊಂಡು ಓಡಾಡಿದವನು. ಅಲ್ಲಿ ನೇತಾಡುವುದು ನಾರುತ್ತದೆ ಅಂತ ಅವನ ತಲೆಗೆ ಹೋಗುವ ದಾರಿಯೇ ಇಲ್ಲ. ವಾಸನೆ ಹೊಡೆದರೂ ಅದು ನೆಲದ್ದು, ಪೈಪಿನದು, ಹೆಂಡತಿಯದು. ಮನೆಗೆ ಬಂದವನೇ ಕೆಳಗಿನ ಫ್ಲಾಟಿನಲ್ಲಿ ಕೆಲಸ ಮಾಡುವ ಬೇಬಿಯನ್ನು ಗೊತ್ತುಮಾಡಿದ. ತಿಥಿ ಬುಧವಾರ. ಮಂಗಳವಾರ ಬೆಳಿಗ್ಗೆ ಹತ್ತರ ಮೇಲೆ ಬಂದು ಬಚ್ಚಲನ್ನು ಮೇಲಿಂದ ಕೆಳಗೆ ತೊಳೆದುಕೊಡಬೇಕು ಅಂತ.

ಬೇಬಿಗೆ ನಲವತ್ತೈದಿರಬಹುದು. ಮೂವತ್ತು ಬಚ್ಚಲು ನೋಡಿದ ಕೈ. ಬಕೆಟ್ಟು ಇಟ್ಟು, ಬಗ್ಗಿ ಜಾಲರಿಯ ಹತ್ತಿರ ಮೂಗು ಹಿಡಿದಳು. ಮೂಲೆಗೆ ಹೋದಳು. ಗೀಸರಿನ ಕೆಳಗೆ ನೋಡಿದಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ನೇರ ನಿಂತು ತಲೆ ಎತ್ತಿದಳು. ಗಳ ಮುಟ್ಟಬೇಡ ಅಂತ ನಾನು ಹೇಳಬಹುದಿತ್ತು. ಅವಳು ಒಳಗೆ ಕಾಲಿಡುವಾಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮೂಗಿರುವ ಒಬ್ಬರು, ಈ ಮನೆಯವರಲ್ಲದ ಒಬ್ಬರು ತಲೆ ಎತ್ತಲಿ ಅಂತ ನಾನು ಭಾನುವಾರದಿಂದ ಕಾಯುತ್ತಿದ್ದೆ.

"ಕೀಳೆ ಒಣ್ಣುಮಿಲ್ಲೆಮ್ಮಾ," ಅಂದಳು. ಕೆಳಗೆ ಏನೂ ಇಲ್ಲ. "ಮೇಲೆ ದಾನ್." ಇರುವುದು ಮೇಲೆಯೇ.

ಮತ್ತು ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಹತ್ತಿ, ಸೀರೆಯನ್ನು ಎಳೆದು ಇಳಿಸಿದಳು. ಮೂಗಿಗೆ ಹಿಡಿದಳು. ಬಾಗಿಲಿಗೆ ಬಂದು ನಿಂತಿದ್ದ ನನ್ನ ಗಂಡನಿಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಬಚ್ಚಲು ಕ್ಲೀನಾಗಿದೆ ಸಾರ್, ಈಯಮ್ಮ ಚೆನ್ನಾಗಿ ಇಟ್ಟುಕೊಂಡಿದ್ದಾರೆ, ಇದು ವಯಸ್ಸಾದವರ ಮೂತ್ರ, ನನ್ನ ಅತ್ತೆಗೂ ಎರಡು ವರ್ಷ ಹೀಗೇ ಇತ್ತು, ಬಿಸಿನೀರಲ್ಲಿ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಬೇಕು, ಆಸ್ಪತ್ರೆಗೆ ತೋರಿಸಿದರೆ ಮಾತ್ರೆ ಕೊಡುತ್ತಾರೆ.

ನಾನು ಎರಡು ದಿನದ ಹಿಂದೆ ಹೇಳಿದ್ದನ್ನೇ ಅವಳು ನನಗಿಂತ ಚೆನ್ನಾಗಿ ಹೇಳಿದ್ದಳು. ಗಂಡ ಅವಳ ಬಾಯನ್ನು ನೋಡುತ್ತಿರಲಿಲ್ಲ, ಕೈಯನ್ನು ನೋಡುತ್ತಿದ್ದ. ಅತ್ತೆ ಅಡುಗೆಮನೆಯಿಂದ ಬಂದರು. ಬೇಬಿಯ ಕೈಯಲ್ಲಿ ಸೀರೆ ನೋಡಿ ಗೋಡೆಗೆ ಒರಗಿದರು.

"ಮುಟ್ಟಿಬಿಟ್ಟಳಲ್ಲೋ ಸುಶಮೀ. ನಾಳೆ ತಿಥಿ ಇಟ್ಟುಕೊಂಡು."

ಅಷ್ಟೇ ಸಾಕಾಯಿತು. ಗಂಡ ಬೇಬಿಗೆ ಸೀರೆಯನ್ನು ಕೆಳಗೆ ಹಾಕಲು ಹೇಳಿದ, ದುಡ್ಡು ಕೊಟ್ಟ, ಹೋಗಲು ಹೇಳಿದ. ಅವಳಿಗೆ ಏನು ತಪ್ಪಾಯಿತು ಅಂತ ತಿಳಿಯಲಿಲ್ಲ, ಅಥವಾ ತಿಳಿಯಿತು. ಬಕೆಟ್ಟನ್ನು ಮೊದಲಿದ್ದ ಹಾಗೆ ನೆಟ್ಟಗೆ ಇಟ್ಟು, ನನ್ನ ಮುಖ ಒಮ್ಮೆ ನೋಡಿ ಮೆಟ್ಟಿಲು ಇಳಿದಳು. ಗಂಡ ನನ್ನ ಕಡೆ ತಿರುಗಿದ. ನೀನೇ ಹೇಳಿಕೊಟ್ಟೆಯಾ ಅಂತ ಕೇಳಿದ. ಇಲ್ಲ ಅಂದೆ. ಮುಟ್ಟಬೇಡ ಅಂತಲಾದರೂ ಹೇಳಿದೆಯಾ ಅಂದ. ಮನೆಯಲ್ಲಿ ಎಲ್ಲರ ಎದುರು, ಜೋರಾಗಿ, ಮೂಗಿರುವವಳೊಬ್ಬಳು ಹೇಳಿದ ಸತ್ಯ ಐದೇ ನಿಮಿಷದಲ್ಲಿ ಮೈಲಿಗೆಯಾಗಿ ಬದಲಾಗಿ, ಮೈಲಿಗೆ ನನ್ನ ತಪ್ಪಾಗಿ ಬದಲಾಗಿತ್ತು.

ಮಧ್ಯಾಹ್ನ ಅವನು ಹಾಲು, ಮೊಸರು ಹೇಳಿಬರಲು ಹೋದ. ಅತ್ತೆ ಬಚ್ಚಲಲ್ಲಿ ಕಾಲುಮಣೆಯ ಮೇಲೆ ಕೂತು ಒಂಬತ್ತು ಗಜದ ಸೀರೆಯನ್ನು ಬಕೆಟ್ಟಿನಲ್ಲಿ ಅದ್ದುತ್ತಿದ್ದರು. ನೀರು ತುಂಬಿದ ಸೀರೆ ಅವರ ಕೈಗೆ ಭಾರ. ಎತ್ತಿದರೆ ಜಾರುತ್ತಿತ್ತು. ನಾನು ಬಾಗಿಲಲ್ಲಿ ನಿಂತೆ.

"ಎಷ್ಟು ದಿನದಿಂದ?" ಅಂತ ಕೇಳಿದೆ.

ಅವರು ಸೀರೆಯಿಂದ ಕಣ್ಣೆತ್ತಲಿಲ್ಲ. "ಸಂಕ್ರಾಂತಿಯಿಂದ. ಕೆಮ್ಮಿದರೆ ಹೋಗತ್ತೆ. ಎದ್ದರೆ ಹೋಗತ್ತೆ."

"ನಿಮಗೆ ಗೊತ್ತಿತ್ತು. ವಾಸನೆ ಎಲ್ಲಿಂದ ಅಂತ."

"ನನಗೇನು ಮೂಗಿಲ್ವೇನೇ?"

ಇದನ್ನು ಅವರು ಚುಚ್ಚಲು ಹೇಳಿದ್ದಲ್ಲ. ನನಗೆ ಚುಚ್ಚಿತು. ನಾಲ್ಕು ತಿಂಗಳು ನನ್ನ ಕೈ ಚರ್ಮ ಸುಲಿದು ಹೋಗುವವರೆಗೆ ಉಜ್ಜಿಸಿದಿರಲ್ಲ ಅಂದೆ. ಅವರು ತಲೆಯಾಡಿಸಿದರು, ಹೌದು ಅನ್ನುವ ಹಾಗೆ. ಡಾಕ್ಟರಿಗೆ ತೋರಿಸೋಣ ಅಂದೆ. ಡಾಕ್ಟರು ಮಗನಿಗೆ ಹೇಳುತ್ತಾನೆ ಅಂದರು. ಪ್ಯಾಡು ಬರುತ್ತದೆ, ಒಳಗೆ ಇಟ್ಟುಕೊಂಡರೆ ತಿಳಿಯುವುದೇ ಇಲ್ಲ, ನಾನೇ ತಂದುಕೊಡುತ್ತೇನೆ ಅಂದೆ.

"ಪ್ಲಾಸ್ಟಿಕ್ ಕಟ್ಟಿಕೊಂಡು ದೇವರ ಅಡುಗೆ ಮಾಡಲಾ?"

"ಈಗ ಮಾಡ್ತಿರೋದು ಮಡಿಯಾ ಅತ್ತೆ?"

ಅವರ ಕೈ ನಿಂತಿತು. ಹಾಗೆ ಕೇಳಬಾರದಿತ್ತು.

"ಅಲ್ಲ," ಅಂದರು. "ಅವನಿಗೆ ಹೇಳಿದರೆ ಅಡುಗೆಮನೆಯಿಂದ ಎಬ್ಬಿಸ್ತಾನೆ. ಒಳ್ಳೆ ಮಾತಲ್ಲೇ ಎಬ್ಬಿಸ್ತಾನೆ, ಅಮ್ಮ ನೀನು ಕೂತ್ಕೋ ಅಂತ. ಮಠಕ್ಕೆ ಹಾಕ್ತಾನೆ. ನಾನು ಹಾಲ್‌ನಲ್ಲಿ ಕೂತು ಟೀವಿ ನೋಡಬೇಕು. ನಾಳೆ ಒಂದು ಆಗಲಿ ಮಾನ್ಯಾ. ಆಮೇಲೆ ನಾನೇ ಹೇಳ್ತೀನಿ ಅವನಿಗೆ."

ನನಗೆ ಬೇಕಾಗಿದ್ದದ್ದು ಅದೊಂದೇ ಮಾತು. ಅವರ ಬಾಯಿಂದ ಬಂದರೆ ಮಾತ್ರ ಅವನು ನಂಬುತ್ತಾನೆ. ಆಯಿತು ಅಂದೆ. ಸೋಪಿಗೆ ಅವರು ಒಪ್ಪಲಿಲ್ಲ, ಸೀಗೆಪುಡಿಗೆ ಒಪ್ಪಿದರು. ಬಿಸಿನೀರಲ್ಲಿ ಕಲಸಿ ಬಕೆಟ್ಟಿಗೆ ಸುರಿದೆ, ಕೈ ತಾಗಿಸದೆ. ಅವರು ಮೂರು ಸಲ ಒಗೆದರು. ಹಿಂಡಲು ಆಗಲಿಲ್ಲ. ಕೋಲಿನ ತುದಿಗೆ ಸೀರೆ ಸಿಕ್ಕಿಸಿ ಗಳದ ಮೇಲೆ ಎಸೆದರು, ಬಿತ್ತು. ಮತ್ತೆ ಜಾಲಿಸಿ ಎಸೆದರು, ಅರ್ಧ ನಿಂತು ಜಾರಿತು. ನಾನು ಎರಡಡಿ ದೂರದಲ್ಲಿ ಕೈ ಕಟ್ಟಿ ನಿಂತಿದ್ದೆ. ನಾನು ಮುಟ್ಟಿದರೆ ಮತ್ತೆ ಮೊದಲಿನಿಂದ. ಐದನೇ ಸಲ ನಿಂತಿತು. ಅವರು ಗೋಡೆ ಹಿಡಿದು ಉಸಿರಾಡು‌ತ್ತಿದ್ದಾಗ ಕಾಲ ಕೆಳಗೆ ನೀರು ಇಳಿಯಿತು. ಬಚ್ಚಲಾದ್ದರಿಂದ ಅವರೇ ಒಂದು ಚೊಂಬು ನೀರು ಸುರಿದುಕೊಂಡರು.

ಬುಧವಾರ ನನಗೂ ಮಡಿ. ತಿಥಿ ಮಾಡುವವನ ಹೆಂಡತಿ ಬ್ರಾಹ್ಮಣರ ಕಾಲಿಗೆ ನೀರು ಹಾಕಬೇಕು, ಬಡಿಸಲು ಕೈ ಜೋಡಿಸಬೇಕು. ಬೆಳಗಿನ ಸ್ನಾನ ಮಾಡಿ, ಹಿಂದಿನ ದಿನ ಗಳದ ಆ ತುದಿಯಲ್ಲಿ ಒಣಗಿಸಿದ್ದ ನನ್ನ ಸೀರೆ ಉಟ್ಟೆ. ಅತ್ತೆ ಉಟ್ಟದ್ದು ಅರ್ಧ ಹಸಿ. ಹನ್ನೊಂದೂವರೆಗೆ ಹರಿದಾಸಾಚಾರ್ರು ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಬಚ್ಚಲಿಗೆ ಹೋಗಿಬಂದು, ಈ ಸಲ ವಾಸಿ ಅಂದರು. ಗಂಡ ನನ್ನ ಕಡೆ ನೋಡಿ ತಲೆಯಾಡಿಸಿದ. ಸೀರೆ ಗಳದ ಮೇಲಿಲ್ಲ, ಅಡುಗೆಮನೆಯಲ್ಲಿ ಅತ್ತೆಯ ಮೈಮೇಲಿದೆ ಅಂತ ಹೇಳಲು ಯಾರೂ ಇರಲಿಲ್ಲ.

ಹೊರಗೆ ಮಂತ್ರ ಶುರುವಾಗಿತ್ತು. ಒಳಗೆ ಅತ್ತೆ ಬಾಣಲೆಯ ಮುಂದೆ ನಿಂತು ವಡೆ ತಟ್ಟುತ್ತಿದ್ದರು. ಪಾಯಸ, ಹಾಗಲಕಾಯಿ ಪಲ್ಯ, ಮೆಣಸಿನ ಸಾರು, ಎಳ್ಳುಂಡೆ ಎಲ್ಲ ಮುಚ್ಚಿಟ್ಟಿತ್ತು. ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ ಅವರು. ಉಪವಾಸಕ್ಕಲ್ಲ. ಎಣ್ಣೆಯ ಹೊಗೆಗೆ ಕೆಮ್ಮು ಬಂತು. ಒಂದು ಸಲ, ಇನ್ನೊಂದು ಸಲ, ಆಮೇಲೆ ನಿಲ್ಲದೆ. ಕಟ್ಟೆ ಹಿಡಿದು ಬಗ್ಗಿದರು. ಸೀರೆಯ ಕಚ್ಚೆಯಿಂದ ಕಾಲಿಗೆ, ಕಾಲಿಂದ ನೆಲಕ್ಕೆ ಇಳಿದು, ಇಳಿಜಾರು ಹಿಡಿದು ನೆಲದ ಮೇಲಿದ್ದ ವಡೆಯ ತಟ್ಟೆಯ ಕಡೆಗೆ ಹರಿಯಿತು. ಅವರು ಒಂದು ಕೈಯಲ್ಲಿ ಒಲೆ ಆರಿಸಿದರು. ತಟ್ಟೆಯನ್ನು ಕಾಲಿನಿಂದ ಸರಿಸಲು ಹೋಗಿ, ಅನ್ನವನ್ನು ಕಾಲಿನಿಂದ ಮುಟ್ಟಬಾರದು ಅಂತ ನೆನಪಾಗಿ, ಹಾಗೇ ಒಂಟಿಕಾಲಲ್ಲಿ ನಿಂತರು.

ನಾನು ತಟ್ಟೆ ಎತ್ತಿ ಕಟ್ಟೆಯ ಮೇಲಿಟ್ಟೆ. ಪಾತ್ರೆ ಇಳಿಸುವ ಹಳೇ ಪಂಚೆಯ ತುಂಡಿತ್ತು. ಮಂಡಿಯೂರಿ ಒರೆಸಿದೆ. ಅಲ್ಲಿಗೆ ನನ್ನ ಮಡಿಯೂ ಹೋಯಿತು.

ಹೊರಗಿನಿಂದ ಗಂಡನ ದನಿ ಬಂತು. "ಏನಾಯ್ತಮ್ಮಾ?"

ಅತ್ತೆ ನನ್ನನ್ನು ನೋಡಿದರು. ಅವರಿಗೆ ಇದು ಆಟವಲ್ಲ. ಮಾವನ ಎಲೆಗೆ ಏನು ಬೀಳಲಿದೆ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಅಡುಗೆಯಷ್ಟೂ ಚೆಲ್ಲಬೇಕು, ಬ್ರಾಹ್ಮಣರು ಎದ್ದು ಹೋಗಬೇಕು, ತಿಥಿ ತಪ್ಪಬೇಕು. ಹೇಳದಿದ್ದರೆ ಈ ಅನ್ನ ಅವರ ಕೈಯಿಂದಲೇ ಹೋಗಬೇಕು.

"ನೀರು ಚೆಲ್ತು ರೀ," ಅಂದೆ. "ಒರೆಸಿದೆ."

"ಪಾಪ ನನಗೇ ಇರಲಿ," ಅಂತ ಅತ್ತೆ ನನಗಷ್ಟೇ ಕೇಳುವ ಹಾಗೆ ಹೇಳಿ, ಕೈ ತೊಳೆದು, ಮತ್ತೆ ಒಲೆ ಹಚ್ಚಿದರು.

ಗಂಡ ಕಾಲಿಗೆ ನೀರು ತಾ ಅಂದ. ತಂಬಿಗೆ ಹಿಡಿದು ಹೋದೆ. ಮೂವರ ಕಾಲಿಗೂ ನೀರು ಹಾಕಿದೆ, ಅವನು ತೊಳೆದ. ಬ್ರಾಹ್ಮಣರು ಉಂಡರು. ಹರಿದಾಸಾಚಾರ್ರು ಐದು ವಡೆ ತಿಂದು, ಜಾನಕಮ್ಮನ ಕೈಯ ಮಡಿ ಅಡುಗೆ ಇನ್ನು ಈ ಊರಲ್ಲಿ ಎಲ್ಲಿದೆ, ಮಠದಲ್ಲಿ ಗುತ್ತಿಗೆಯವರು ಬೇಯಿಸುತ್ತಾರೆ, ಅದೂ ಒಂದು ತಿಥಿಯಾ ಅಂದರು. ಗಂಡನ ಕಣ್ಣು ತುಂಬಿತು. ಇನ್ನು ಮುಂದೆ ಮನೆಯಲ್ಲೇ ಮಾಡುತ್ತೇನೆ, ಅಮ್ಮ ಇರುವವರೆಗೆ, ಅಂತ ಅವರೆದುರು ಹೇಳಿದ. ಅತ್ತೆ ಬಾಗಿಲ ಹಿಂದೆ ನಿಂತಿದ್ದರು. ಅವರ ಮುಖ ನನಗೆ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ಸ್ನಾನ ಮಾಡಿ ಬಂದು ಕೋಣೆಯಲ್ಲಿ ಮಲಗಿದರು. ಕಾಲ ಹತ್ತಿರ ಕೂತೆ. ಇವತ್ತು ಹೇಳುತ್ತೀರಾ ಅಂತ ಕೇಳಿದೆ. ಅವರು ಗೋಡೆಯ ಕಡೆ ತಿರುಗಿದ್ದರು.

"ಕೇಳಿಸಿಕೊಂಡೆಯಲ್ಲ ಅವನು ಹೇಳಿದ್ದು. ಈಗ ಹೇಗೆ ಹೇಳಲಿ?" ಅಂದರು. ಆಮೇಲೆ, "ಪಕ್ಷ ಕಳೀಲಿ. ಪಕ್ಷದಲ್ಲಿ ಒಂದು ಅಡುಗೆ ಇದೆಯಲ್ಲ" ಅಂದರು.

ಪಿತೃಪಕ್ಷಕ್ಕೆ ಇನ್ನೂ ಎರಡು ತಿಂಗಳು. ಅದರ ಆಚೆ ದೀಪಾವಳಿ, ಧನುರ್ಮಾಸ, ಮತ್ತೆ ತಿಥಿ. ನಾನು ಹೇಳಿದರೆ ನಂಬುವವರಿಲ್ಲ, ಮತ್ತು ಈಗ ಹೇಳುವುದಾದರೆ ನಾನು ಒರೆಸಿದ್ದನ್ನೂ, ಅದೇ ಕೈಯಲ್ಲಿ ನೀರು ಹಾಕಿದ್ದನ್ನೂ ಹೇಳಬೇಕು. ಅವರ ಕಾಲಿಗೆ ಹೊದಿಕೆ ಎಳೆದು ಎದ್ದೆ.

ಶುಕ್ರವಾರ ಬೆಳಿಗ್ಗೆ ಗಂಡ ಬಚ್ಚಲಿಂದ ಬಂದು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ, ಮತ್ತೆ ಶುರುವಾಗಿದೆ ಅಂದ. ಕೋಪವಿರಲಿಲ್ಲ. ತಿಥಿ ಚೆನ್ನಾಗಿ ಆದ ಮೇಲೆ ನನ್ನ ಮೇಲೆ ಮೆತ್ತಗಾಗಿದ್ದ. ನಿನ್ನದೇನು ತಪ್ಪು, ಆ ಕಿಟಕಿಯಲ್ಲಿ ಗಾಳಿಯೇ ಆಡುವುದಿಲ್ಲ, ಎಕ್ಸಾಸ್ಟ್ ಫ್ಯಾನಿಗೆ ಆರ್ಡರ್ ಹಾಕಿದ್ದೇನೆ, ಸೋಮವಾರ ಎಲೆಕ್ಟ್ರಿಷಿಯನ್ ಬರುತ್ತಾನೆ ಅಂದ. ಆಮೇಲೆ ಆಫೀಸಿಗೆ ಹೊರಟು, ಬೂಟು ಹಾಕಿಕೊಂಡು ಬಾಗಿಲ ಹತ್ತಿರ ಹೋದವನು ತಿರುಗಿ ನಿಂತ.

"ಅವನು ಬಂದಾಗ ನೀನು ಅಲ್ಲೇ ನಿಂತಿರು. ಗಳ ಮುಟ್ಟದ ಹಾಗೆ ನೋಡ್ಕೋ."

ಆಯಿತು ಅಂದೆ.